ಆರು ಪುಸ್ತಕ ಓದಿಯೂ ಬಿಡಲಾಗದ ಸಿಗರೇಟು: ಒಂದು ಆಪ್ತಸಲಹೆ ಪ್ರಕರಣ

ವ್ಯಕ್ತಿಯ ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ ಮತ್ತು ಮನೆಯ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ನಲವತ್ತರ ಆಸುಪಾಸಿನ, ಲೆಕ್ಕಪತ್ರದ ಕೆಲಸ ಮಾಡುವ ಇವರು ಮೊದಲ ಭೇಟಿಗೆ ಬಂದಾಗ ಕೈಚೀಲದಲ್ಲಿ ಆರು ಪುಸ್ತಕಗಳಿದ್ದವು. ಆರೂ ಧೂಮಪಾನ ಬಿಡುವುದು ಹೇಗೆಂದು ತಿಳಿಸುವಂಥವೇ. ಒಂದೊಂದರಲ್ಲೂ ಪೆನ್ಸಿಲ್ಲಿನ ಅಡಿಗೆರೆಗಳು, ಅಂಚಿನಲ್ಲಿ ಸಣ್ಣಕ್ಷರದ ಟಿಪ್ಪಣಿಗಳು. ನಾನು ಒಂದನ್ನು ತೆರೆದಾಗ ಎರಡು ಪುಟಗಳ ಸಂದಿಯಲ್ಲಿ, ಹೊಲಿಗೆಯ ಉದ್ದಕ್ಕೂ, ಸಿಗರೇಟಿನ ಬೂದಿ ಕೂತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. "ಈ ಪುಸ್ತಕ ಮುಗಿದ ಮೇಲೆ ಬಿಡೋಣ ಅಂದ್ಕೊಳ್ತೀನಿ ಮೇಡಂ, ಮುಗಿಯೋ ಹೊತ್ತಿಗೆ ಇನ್ನೊಂದು ತಂದಿರ್ತೀನಿ" ಎಂದು ತಾವೇ ಹೇಳಿದರು.

ಓದಿನ ಜೊತೆಗೆ ಅವರು ಎರಡು ವರ್ಷಗಳಿಂದ ನಸುಕಿನಲ್ಲೆದ್ದು ನಲವತ್ತು ನಿಮಿಷ ಉಸಿರಾಟದ ಅಭ್ಯಾಸವನ್ನೂ ಮಾಡುತ್ತಿದ್ದರು, ಅದೂ ಒಂದು ದಿನ ತಪ್ಪಿಸದೆ. ಆದರೂ ದಿನಕ್ಕೆ ಹದಿನೆಂಟು ಸಿಗರೇಟು ಕಡಿಮೆಯಾಗಿರಲಿಲ್ಲ. ಇಷ್ಟು ಶಿಸ್ತಿರುವ ಮನುಷ್ಯನನ್ನು ಮನೆಯವರು ಮನಶ್ಶಕ್ತಿಯಿಲ್ಲದವನೆಂದು ಹಂಗಿಸುತ್ತಿದ್ದರು, ಅವರೂ ಅದನ್ನು ನಂಬಿಬಿಟ್ಟಿದ್ದರು. ನನಗೆ ಕಂಡದ್ದು ಬೇರೆ. ಶಿಸ್ತೇನೋ ಬೇಕಾದಷ್ಟಿತ್ತು, ಆದರೆ ಅದು ಸಿಗರೇಟು ಇರುವ ಜಾಗದಲ್ಲಿ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಕೋಟಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ; ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ರಾತ್ರಿಯಿಡೀ ಮಲಗಿ ಎದ್ದವನಿಗೆ ಅದು ತೀರ ಕೆಳಮಟ್ಟಕ್ಕೆ ಬಂದಿರುತ್ತದೆ, ಮಿದುಳು ಮೊದಲ ಸಿಗರೇಟಿಗಾಗಿ ಕಾದಿರುತ್ತದೆ. ಇವರು ಸರಿಯಾಗಿ ಆ ಹೊತ್ತಿಗೇ ಕಣ್ಣು ಮುಚ್ಚಿ ಕುಳಿತು, ತುಡಿತವನ್ನು ನಲವತ್ತು ನಿಮಿಷ ತಡೆದು, ಎದ್ದ ಕೂಡಲೇ ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚುತ್ತಿದ್ದರು. ಹೊಗೆ ಒಳಗೆ ಹೋದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆಯಾದ್ದರಿಂದ, ಕಾದಿದ್ದಕ್ಕೆ ತಕ್ಷಣವೇ ಬಹುಮಾನ ಸಿಗುತ್ತಿತ್ತು. ಹೀಗೆ ಎರಡು ವರ್ಷ ನಡೆದರೆ ಉಸಿರಾಟದ ಅಭ್ಯಾಸವೇ ಮೊದಲ ಸಿಗರೇಟಿನ ಪೂರ್ವಸಿದ್ಧತೆಯಾಗಿಬಿಡುತ್ತದೆ. "ಅದಾದ ಮೇಲೆ ಸೇದೋದೇ ದಿನದಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು" ಎಂದು ಅವರು ತುಸು ನಾಚಿಕೊಂಡೇ ಒಪ್ಪಿಕೊಂಡರು. ಓದಿನ ವಿಷಯವೂ ಅಷ್ಟೆ: ಪ್ರತಿ ಅಧ್ಯಾಯವೂ ಬಿಡುವ ಕೆಲಸದಲ್ಲಿ ಒಂದು ಹೆಜ್ಜೆ ಮುಂದಿಟ್ಟ ಸಮಾಧಾನ ಕೊಡುತ್ತಿತ್ತು, ಆ ಸಮಾಧಾನವೇ ನಿಜವಾದ ಹೆಜ್ಜೆಯನ್ನು ಮುಂದೂಡುತ್ತಿತ್ತು.

ಅವಲಂಬನೆಯ ಮಟ್ಟ ತಿಳಿಯಲು ಫಾಗರ್‌ಸ್ಟ್ರೋಮ್ ಪ್ರಶ್ನಾವಳಿಯನ್ನು ಬಳಸಿದೆ. ಹತ್ತಕ್ಕೆ ಆರು ಅಂಕ ಬಂತು, ಅಂದರೆ ಹೆಚ್ಚಿನ ಅವಲಂಬನೆ. ಈ ಮಟ್ಟದಲ್ಲಿರುವವರಿಗೆ ಪುಸ್ತಕ ಮತ್ತು ಉಸಿರಾಟ ಎರಡನ್ನೇ ಕೊಟ್ಟು ಕಳಿಸುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಆಪ್ತಸಲಹೆ ಮತ್ತು ಔಷಧ ಎರಡನ್ನೂ ಜೊತೆಯಾಗಿ ಕೊಡಬೇಕೆಂದೇ ಹೇಳುತ್ತದೆ. ಹಾಗಾಗಿ ನಾನು ಇವರನ್ನು ವೈದ್ಯರ ಬಳಿ ಕಳಿಸಿದೆ. ವೈದ್ಯರು ದಿನವಿಡೀ ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚ್ ಹಾಗೂ ತುಡಿತ ಬಂದಾಗ ಅಗಿಯಲು 2 ಮಿಲಿಗ್ರಾಂ ಗಮ್ ಬರೆದುಕೊಟ್ಟರು. ಗಮ್ಮನ್ನು ಸಾಮಾನ್ಯ ಚ್ಯೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಇಡಬೇಕು, ಕಾಫಿ ಕುಡಿದ ಕಾಲು ಗಂಟೆಯೊಳಗೆ ಬಾಯಿಗೆ ಹಾಕಬಾರದು ಎಂಬುದನ್ನು ಮಾತ್ರ ನಾನು ಎರಡೆರಡು ಸಲ ಹೇಳಿದೆ. ಸರಿಯಾಗಿ ಬಳಸದೆ "ಗಮ್ ಕೆಲಸ ಮಾಡಲ್ಲ" ಎನ್ನುವವರನ್ನು ಬಹಳ ಕಂಡಿದ್ದೇನೆ.

ಎರಡನೆಯ ಭೇಟಿಯಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ನಾಲ್ಕು ಎಣಿಕೆ ಒಳಕ್ಕೆ, ನಾಲ್ಕು ತಡೆದು, ನಾಲ್ಕು ಹೊರಕ್ಕೆ, ಮತ್ತೆ ನಾಲ್ಕು ತಡೆ ಎಂಬ ಹೊಸ ಅಭ್ಯಾಸವೊಂದನ್ನು ಹೇಳಿಕೊಟ್ಟೆ. ಅವರು ದಮ್ಮು ಎಳೆಯುವ ರಭಸದಲ್ಲೇ ಉಸಿರೆಳೆದುಕೊಂಡು, ಐದಾರು ಸುತ್ತಿಗೇ ತಲೆ ಸುತ್ತಿ, ಬೆರಳು ಜುಮುಗುಟ್ಟಿ ಕುರ್ಚಿ ಹಿಡಿದುಕೊಂಡರು. ಅಗತ್ಯಕ್ಕಿಂತ ಹೆಚ್ಚು ಗಾಳಿಯಾಡಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಹೀಗಾಗುತ್ತದೆ. ಆಗ ನನಗೆ ಬೇರೊಂದು ಯೋಚನೆ ಬಂತು. ಬರಿಗೈಯಲ್ಲೇ ಸಿಗರೇಟು ಸೇದುವಂತೆ ಮಾಡಿ ತೋರಿಸಿ ಎಂದೆ. ಅವರು ಎದ್ದು ಕಿಟಕಿಯ ಬಳಿ ನಿಂತರು, ಎರಡು ಬೆರಳು ತುಟಿಗೆ ತಂದರು, ಎಳೆದರು, ಒಂದು ಕ್ಷಣ ತಡೆದರು, ತುಟಿ ಚೂಪು ಮಾಡಿ ನಿಧಾನವಾಗಿ ಊದಿದರು. ಗಡಿಯಾರ ನೋಡಿದೆ: ಒಳಗೆಳೆದದ್ದು ಎರಡು ಸೆಕೆಂಡು, ಊದಿದ್ದು ಆರು. ಭುಜಗಳು ಎದ್ದು ಕಾಣುವಷ್ಟು ಕೆಳಗಿಳಿದವು. ಕೈಯಲ್ಲಿ ಸಿಗರೇಟೇ ಇರಲಿಲ್ಲ.

ಮುಂದಿನ ಸಲಹೆಗಳೆಲ್ಲ ಹುಟ್ಟಿದ್ದು ಆ ಕಿಟಕಿಯ ಬಳಿಯೇ. ಸಿಗರೇಟಿನಿಂದ ಸಿಗುವ ಹಗುರದಲ್ಲಿ ಒಂದು ಪಾಲು ನಿಕೋಟಿನ್ನಿನದು, ಇನ್ನೊಂದು ಪಾಲು ಕೆಲಸ ಬಿಟ್ಟೆದ್ದು ಹೊರಗೆ ನಿಂತು ದೀರ್ಘವಾಗಿ ಉಸಿರು ಬಿಡುವುದರದು. ಮೊದಲನೆಯದನ್ನು ಪ್ಯಾಚ್ ನೋಡಿಕೊಳ್ಳುತ್ತದೆ. ಎರಡನೆಯದನ್ನು ಅವರು ಈಗಾಗಲೇ ಬಲ್ಲರು, ದಿನಕ್ಕೆ ಹದಿನೆಂಟು ಸಲ ಮಾಡಿ ಕೈಗೂಡಿಸಿಕೊಂಡಿದ್ದಾರೆ. ಹಾಗಾಗಿ ಹೊಸ ಅಭ್ಯಾಸ ಬೇಡವೆಂದೆ. ತುಡಿತ ಬಂದಾಗ ಎಂದಿನಂತೆ ಎದ್ದು ಅದೇ ಜಾಗಕ್ಕೆ ಹೋಗುವುದು, ಮೂಗಿನಿಂದ ಸದ್ದಿಲ್ಲದೆ ಸಾಧಾರಣ ಉಸಿರು ಎಳೆಯುವುದು, ತುಟಿ ಚೂಪು ಮಾಡಿ ಎರಡರಷ್ಟು ಹೊತ್ತು ಬಿಡುವುದು, ಹೀಗೆ ಹದಿನೈದು ಉಸಿರು. ತಡೆದು ನಿಲ್ಲಿಸುವುದು ಬೇಡ, ತಲೆ ಹಗುರವೆನಿಸಿದರೆ ಅಲ್ಲಿಗೇ ನಿಲ್ಲಿಸಬೇಕು. (ಉಬ್ಬಸ, ಹೃದಯದ ತೊಂದರೆ ಇರುವವರು ಇಷ್ಟನ್ನೂ ವೈದ್ಯರನ್ನು ಕೇಳಿಯೇ ಮಾಡಲಿ.) ತುಡಿತದ ಒಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತದೆ, ಉಸಿರಾಟ ಆ ಅಲೆಯನ್ನು ಅಳಿಸುವುದಿಲ್ಲ, ಅದು ದಾಟುವ ತನಕ ಮಾಡಲು ಒಂದು ಕೆಲಸ ಕೊಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ ಎಂದು ಸ್ಪಷ್ಟವಾಗಿಯೇ ಹೇಳಿದೆ.

ಪುಸ್ತಕಗಳ ಬಗ್ಗೆ ನನ್ನ ಸಲಹೆ ಅವರಿಗೆ ಹಿಡಿಸಲಿಲ್ಲ. ಏಳನೆಯ ಪುಸ್ತಕ ಬೇಡ. ಇರುವ ಆರರಲ್ಲಿ ತಾವು ಗೆರೆ ಎಳೆದ ಸಾಲುಗಳನ್ನೆಲ್ಲ ನೋಡಿ, "ಮಾಡು" ಎಂದು ಹೇಳುವ ಸಾಲುಗಳನ್ನು ಮಾತ್ರ ಆರಿಸಿ, ಅಂಗೈಯಗಲದ ಒಂದು ಕಾಗದದಲ್ಲಿ ಸ್ವಂತ ಮಾತಿನಲ್ಲಿ ಬರೆದು ತನ್ನಿ ಎಂದೆ. ಒಂದು ವಾರ ಬಿಟ್ಟು ಬಂದಾಗ ಮುಖ ಸಣ್ಣಗಾಗಿತ್ತು. ಇನ್ನೂರಕ್ಕೂ ಹೆಚ್ಚು ಗೆರೆಗಳಲ್ಲಿ ಅಂಥವು ಹನ್ನೊಂದು ಮಾತ್ರ ಸಿಕ್ಕಿದ್ದವು. ಉಳಿದವು ಹೊಗೆಯ ಕೇಡು, ಬಿಟ್ಟವರ ಸಂತೋಷ, ಸಂಕಲ್ಪದ ಮಹಿಮೆ. ಶ್ವಾಸಕೋಶದ ಕಾಯಿಲೆಯ ಅಧ್ಯಾಯ ಓದಿದಾಗಲೆಲ್ಲ ಹೆದರಿ ಒಂದು ಹೆಚ್ಚೇ ಸೇದುತ್ತಿದ್ದರೆಂಬುದೂ ಆಗ ಹೊರಬಂತು. ಹೆದರಿಕೆ ಕೆಲವರನ್ನು ಎಬ್ಬಿಸುತ್ತದೆ. ಇವರನ್ನು ಬಾಲ್ಕನಿಗೆ ಕಳಿಸುತ್ತಿತ್ತು. ಓದನ್ನು ಪೂರ್ತಿ ಬಿಡಿಸಲು ಮಾತ್ರ ನನಗೆ ಮನಸ್ಸಿರಲಿಲ್ಲ. ರಾತ್ರಿ ಊಟದ ನಂತರದ ತುಡಿತ ಬಹಳ ಬಲವಾಗಿದ್ದುದರಿಂದ, ಆ ಹೊತ್ತಿಗೆ ಯಾವುದಾದರೂ ಪುಸ್ತಕದ ಎರಡು ಪುಟ ಗಟ್ಟಿಯಾಗಿ ಓದಿ, ಅದು ಸಿಗರೇಟಿನ ಪುಸ್ತಕವೇ ಆಗಬೇಕಿಲ್ಲ ಎಂದೆ. ಮಾತೆಲ್ಲ ಹೊರಗೆ ಹೋಗುವ ಉಸಿರಿನ ಮೇಲೆಯೇ ಸಾಗುವುದರಿಂದ, ಗಟ್ಟಿಯಾಗಿ ಓದುವುದೂ ಒಂದು ದೀರ್ಘ ನಿಶ್ವಾಸದ ಅಭ್ಯಾಸವೇ, ಜೊತೆಗೆ ಬಾಯಿಗೂ ಕೆಲಸ ಸಿಗುತ್ತದೆ.

ಒಂದು ದಿನ ಗೊತ್ತುಮಾಡಿಕೊಂಡು ಸಿಗರೇಟು ಬಿಟ್ಟರು. ಮೊದಲ ಮೂರು ದಿನ ಕಷ್ಟವಾಗುವುದೆಂದು ಮುಂಚೆಯೇ ತಿಳಿಸಿದ್ದೆ. ಐದನೆಯ ದಿನ ಕೈ ನಡುಕ, ನಿದ್ದೆಯಿಲ್ಲ ಎಂದು ಫೋನ್ ಮಾಡಿದರು. ವಿಚಾರಿಸಿದರೆ ಎಂದಿನಂತೆ ದಿನಕ್ಕೆ ಐದು ಲೋಟ ಕಾಫಿ ನಡೆದಿತ್ತು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನಲ್ಲಿ ಕೆಫೀನ್ ಬೇಗ ವಿಲೇವಾರಿಯಾಗುವಂತೆ ಮಾಡುತ್ತವೆ, ಸೇದುವುದು ನಿಂತರೆ ಅದೇ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅರ್ಧಕ್ಕಿಳಿಸಲು ಹೇಳಿದೆ, ಎರಡು ದಿನದಲ್ಲಿ ನಡುಕ ನಿಂತಿತು. ಸಿಡುಕು, ಮಂಕು ಎರಡರಿಂದ ನಾಲ್ಕು ವಾರ ಇರಬಹುದು, ಅದಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂಬುದನ್ನು ಹೆಂಡತಿಗೂ ತಿಳಿಸಿದೆವು.

ಹದಿನೆಂಟನೆಯ ದಿನ, ಕಚೇರಿಯಲ್ಲಿ ಲೆಕ್ಕ ತಾಳೆಯಾಗದ ಸಂಜೆ, ಒಂದು ಸೇದಿದರು. ಮರುದಿನ ಬಂದವರು ಎಲ್ಲ ಹಾಳಾಯಿತೆಂದೂ, ಹೊಸ ದಿನ ಗೊತ್ತುಮಾಡಿ ಮೊದಲಿಂದ ಶುರು ಮಾಡುವುದಾಗಿಯೂ, ಅಲ್ಲಿಯ ತನಕ ಒಂದು ಒಳ್ಳೆಯ ಪುಸ್ತಕ ಸೂಚಿಸಬೇಕೆಂದೂ ಕೇಳಿದರು. ಒಂದು ಎಡವಿಕೆಯನ್ನೇ ಪೂರ್ಣ ಸೋಲೆಂದು ಬಗೆದು ಮತ್ತೆ ಹಳೆಯ ಲೆಕ್ಕಕ್ಕೆ ಮರಳುವ ಈ ಮನಃಸ್ಥಿತಿಯನ್ನು ಮನೋವಿಜ್ಞಾನಿ ಅಲನ್ ಮಾರ್ಲಾಟ್ ಬಹಳ ಹಿಂದೆಯೇ ಗುರುತಿಸಿದ್ದರು. ನಾನು ಇವರದೇ ಲೆಕ್ಕಪತ್ರದ ಭಾಷೆಯಲ್ಲಿ ಕೇಳಿದೆ: ಹದಿನೆಂಟು ದಿನಕ್ಕೆ ಮುನ್ನೂರ ಇಪ್ಪತ್ತನಾಲ್ಕು ಸಿಗರೇಟಾಗಬೇಕಿತ್ತು, ಆಗಿರುವುದು ಒಂದು, ಇದನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ? ಅವರು ನಗಲಿಲ್ಲ, ಆದರೆ ಹೊಸ ದಿನದ ಮಾತು ಬಿಟ್ಟರು. ಆ ಸಂಜೆ ಜೇಬಿನಲ್ಲಿ ಗಮ್ ಇರಲಿಲ್ಲವೆಂಬುದು ಅನಂತರ ತಿಳಿಯಿತು. ಮೇಜಿನ ಡ್ರಾಯರಿನಲ್ಲೂ ಗಮ್ಮಿನ ಒಂದು ಪಟ್ಟಿ ಇಡಲು ಹೇಳಿದೆ.

ಈಗ ಐದು ತಿಂಗಳು ಕಳೆದಿದೆ. ಪ್ಯಾಚ್ ನಿಂತಿದೆ, ಗಮ್ ಅಪರೂಪಕ್ಕೆ ಬೇಕಾಗುತ್ತದೆ. ನಸುಕಿನ ನಲವತ್ತು ನಿಮಿಷದ ಅಭ್ಯಾಸವನ್ನು ಬಿಟ್ಟುಬಿಟ್ಟಿದ್ದಾಗಿ, ಏನೋ ತಪ್ಪು ಮಾಡಿದವರಂತೆ ಹೇಳಿದರು. ನಾನು ಮತ್ತೆ ಶುರು ಮಾಡಿ ಎನ್ನಲಿಲ್ಲ. ರಾತ್ರಿಯ ಎರಡು ಪುಟಗಳು ಮುಂದುವರಿದಿವೆ. ಮಗಳು ಪಕ್ಕದಲ್ಲಿ ಬಂದು ಕೂರುವುದರಿಂದ ಈಗ ಓದುವುದು ಅವಳ ಕಥೆಪುಸ್ತಕವಂತೆ, ಅವಳು ಎರಡಕ್ಕೆ ನಿಲ್ಲಿಸಲು ಬಿಡುವುದಿಲ್ಲವಂತೆ.