ಓದುಗರ ಪ್ರಶ್ನೆ: ಹೊಳೆ ನೋಡಿ ದಿನ ಗೊತ್ತುಮಾಡಿ

ಪ್ರಶ್ನೆ: ನಾವು ಹೊಸಪೇಟೆಯವರು. ಮಕ್ಕಳಿಗೆ ಹನ್ನೊಂದು ಮತ್ತು ಹದಿನಾಲ್ಕು ವರ್ಷ. ಸಾಹಸಕ್ಕೆಂದು ದಾಂಡೇಲಿಗೇ ಹೋಗಬೇಕೆ? ತುಂಗಭದ್ರೆಯ ದಡದಲ್ಲೇ ಒಂದು ದಿನ ಸೈಕಲ್ ತುಳಿದು, ಹರಿಗೋಲಿನಲ್ಲಿ ಹುಟ್ಟು ಹಾಕಲು ಕಲಿಯಬಹುದೆ? ಕಳೆದ ವರ್ಷ ಒಂದು ಕಡೆ ಲೈಫ್ ಜಾಕೆಟ್ಟನ್ನೂ ಕೊಡದೆ ಹರಿಗೋಲನ್ನು ಗಿರಗಿರನೆ ತಿರುಗಿಸಿದ್ದರಿಂದ ಚಿಕ್ಕ ಮಗಳು ಹೆದರಿದ್ದಾಳೆ.
— ಒಬ್ಬ ತಾಯಿ, ಹೊಸಪೇಟೆ

ಉತ್ತರ: ಖಂಡಿತ ಕಲಿಯಬಹುದು ತಾಯಿ, ಆದರೆ ದಿನವನ್ನು ಶಾಲೆಯ ರಜೆ ನೋಡಿ ಗೊತ್ತುಮಾಡಬೇಡಿ, ಹೊಳೆ ನೋಡಿ ಗೊತ್ತುಮಾಡಿ. ಮಲೆನಾಡಿನಲ್ಲಿ ಮಳೆ ಹಿಡಿದು ತುಂಗಭದ್ರಾ ಜಲಾಶಯ ತುಂಬಿದರೆ ಗೇಟುಗಳಿಂದ ನೀರು ಬಿಡುತ್ತಾರೆ. ಆಗ ಹಂಪಿಯ ಬಳಿ ಹರಿಗೋಲು ನಿಲ್ಲುತ್ತದೆ, ನಿಲ್ಲಲೇಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದನ್ನು ನಿಮ್ಮ ಊರಿನವರಿಗೆ ನಾನು ನೆನಪಿಸಬೇಕಿಲ್ಲ. ಕಡು ಬೇಸಿಗೆಯಲ್ಲಿ ನೀರಿಳಿದು ಬಂಡೆಗಳು ಮೇಲೇಳುತ್ತವೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಮೇಲು. ಹೊರಡುವ ಮುನ್ನ ಪತ್ರಿಕೆಯಲ್ಲಿ ಬರುವ ಜಲಾಶಯದ ಹೊರಹರಿವನ್ನು ಎರಡು ಮೂರು ದಿನ ಗಮನಿಸಿ.

ಹೊಸಪೇಟೆಯಿಂದ ಕಡ್ಡಿರಾಂಪುರದ ಮೇಲೆ ಹಂಪಿಗೆ ಸುಮಾರು 13 ಕಿ.ಮೀ. ಬೆಳಕು ಹರಿಯುತ್ತಲೇ ಹೊರಟರೆ ಬಿಸಿಲೇರುವ ಮೊದಲೇ ತಲುಪುತ್ತೀರಿ. ಹಂಪಿಗೂ ಕಮಲಾಪುರಕ್ಕೂ ನಡುವೆ ಬಾಳೆ, ಭತ್ತಕ್ಕೆ ನೀರುಣಿಸುವ ತುರುತ್ತು ಕಾಲುವೆ ವಿಜಯನಗರದ ಕಾಲದ್ದು. ಅಲ್ಲಿ ಸೈಕಲ್ ನಿಲ್ಲಿಸಿ ಮಕ್ಕಳಿಗೆ ತೋರಿಸಿ. ಈ ಸೀಮೆಯಲ್ಲಿ ಸೈಕಲ್ಲಿನ ದೊಡ್ಡ ಶತ್ರು ಬಳ್ಳಾರಿ ಜಾಲಿ. ಒಣಗಿ ಮಣ್ಣಿನಲ್ಲಿ ಬಿದ್ದ ಅದರ ಮುಳ್ಳು ಟೈರನ್ನು ದಾಟಿ ಟ್ಯೂಬಿಗೇ ಇಳಿಯುತ್ತದೆ. ಕಾಲುದಾರಿಗೆ ಇಳಿಯಬೇಡಿ, ಪಂಚರ್ ಸಾಮಾನು, ಪಂಪು ಮತ್ತು ಒಂದು ಹೆಚ್ಚಿನ ಟ್ಯೂಬು ಜೊತೆಗಿರಲಿ.

ಇನ್ನು ಹರಿಗೋಲು. 1520ರ ಸುಮಾರಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹೊಳೆಯಾಚೆಯ ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನೂ ಅವು ನೆಟ್ಟಗೆ ಸಾಗದೆ ಸುತ್ತುತ್ತಿದ್ದುದನ್ನೂ ಬರೆದಿದ್ದಾನೆ. ಅದು ಸುತ್ತುವುದು ಅದರ ಆಕಾರದಿಂದ. ಹರಿಗೋಲಿಗೆ ಮೂತಿಯಿಲ್ಲ, ಹಿಂಬದಿಯಿಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಇದ್ದಲ್ಲೇ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಅಂಚಿಗೆ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರಿಗೆ ಅದ್ದಿ, ಒಮ್ಮೆ ತುಸು ಎಡಕ್ಕೆ, ಒಮ್ಮೆ ತುಸು ಬಲಕ್ಕೆ, ನಮ್ಮತ್ತ ಎಳೆದುಕೊಳ್ಳಬೇಕು. ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಹರಿಗೋಲು ಮುಂದೆ ಸರಿದಾಗ ಮಗುವಿನ ಮುಖ ನೋಡಬೇಕು! ಹೊಳೆ ಗುಡ್ಡಗಳ ನಡುವೆ ಹೊರಳುವ ಚಕ್ರತೀರ್ಥದಲ್ಲಿ ಈ ಪಾಠ ಬೇಡ. ಅಂಬಿಗರು ತೋರಿಸುವ ನಿಂತ ನೀರಿನಲ್ಲಿ, ಅವರು ಜೊತೆಗಿರುವಾಗ ಮಾತ್ರ ಕಲಿಯಲಿ. ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಮಕ್ಕಳಿರುವ ಹರಿಗೋಲನ್ನು ಬೇಡವೆಂದರೂ ತಿರುಗಿಸುವುದು ತಪ್ಪು. ನಿಮ್ಮ ಬೇಸರ ನ್ಯಾಯವಾದದ್ದು. ಹತ್ತುವ ಮೊದಲೇ ‘ತಿರುಗಿಸಬಾರದು’ ಎಂದು ಮಾತಾಡಿಕೊಳ್ಳಿ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವಾಗಿದೆ, ಮೊಸಳೆಗಳೂ ಇವೆ. ಸ್ನಾನಕ್ಕೆ ಇಳಿಯಬೇಡಿ, ಗದ್ದಲ ಮಾಡಬೇಡಿ. ಸುಮ್ಮನೆ ಕುಳಿತವರಿಗೆ ಬಂಡೆಯ ಮರೆಯಿಂದ ನೀರುನಾಯಿಯ ತಲೆ ಕಂಡರೂ ಕಂಡೀತು.

ಚಿಕ್ಕವಳನ್ನು ಒತ್ತಾಯಿಸಬೇಡಿ. ಅಕ್ಕನೋ ಅಣ್ಣನೋ ಹುಟ್ಟು ಹಾಕುವುದನ್ನು ಮೊದಲು ದಡದಲ್ಲಿ ಕುಳಿತು ನೋಡಲಿ. ಆಮೇಲೂ ಬೇಡವೆಂದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲೆ ನೀವಿಬ್ಬರೂ ಸೈಕಲ್ಲಿನಲ್ಲೇ ಹೊಳೆ ದಾಟಿ ಆನೆಗೊಂದಿ ಸೇರಬಹುದು.