ಸೈನೈಡ್ ದಿಬ್ಬದ ಮಣ್ಣು ಪಾಯಕ್ಕೆ ಬೇಡ

ಕೆಜಿಎಫ್‌ನ ಸೈನೈಡ್ ದಿಬ್ಬದ ಮಣ್ಣನ್ನು ಮನೆಯ ಪಾಯಕ್ಕೆ ತುಂಬಬಹುದೇ ಎಂದು ಕೇಳಿದ್ದೀರಿ, ದಯವಿಟ್ಟು ತುಂಬಬೇಡಿ. ಅದು ಮಣ್ಣಲ್ಲ, ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆಯಾದರೂ ಅದಿರಿನಲ್ಲೇ ಇದ್ದ ಆರ್ಸೆನಿಕ್‌ನಂಥ ವಿಷಕಾರಿ ಭಾರಲೋಹಗಳು ಹಾಗೆ ಅಳಿಯುವುದಿಲ್ಲ. ಬೆರಳುಗಳ ನಡುವೆ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಂತೆ ನುಣ್ಣಗಿರುವ ಆ ಪುಡಿಯಲ್ಲಿನ ಸಿಲಿಕಾ, ಅಗೆದು ಸುರಿಯುವಾಗ ಎದ್ದು ಮಕ್ಕಳ ಶ್ವಾಸಕೋಶಕ್ಕೂ ಇಳಿಯುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಸುಮಾರು 3.3 ಕೋಟಿ ಟನ್ ಪುಡಿ 13 ದಿಬ್ಬಗಳಲ್ಲಿ ಉಳಿದಿದೆ. ಅದರಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿದೆ. ಆದರೆ ಧೂಳು ಏಳದಂತೆ ದಿಬ್ಬಗಳಿಗೆ ಹಸಿರು ಹೊದಿಸುವುದು ಅದಕ್ಕಿಂತ ತುರ್ತಿನ ಕೆಲಸವೆಂದು ನನಗನಿಸುತ್ತದೆ. ಒಂದೆರಡು ಲೋಡು ಈಗಾಗಲೇ ಸುರಿಸಿದ್ದರೆ ನೀರು ಚಿಮುಕಿಸಿ ತೆಗೆಸಿ, ಬೋರ್‌ವೆಲ್ ನೀರನ್ನು ಆರ್ಸೆನಿಕ್‌ಗಾಗಿ ಪರೀಕ್ಷೆ ಮಾಡಿಸಿ.