ರಿಲೇ ಆಫ್ ಆದಾಗ ಟ್ರಾನ್ಸಿಸ್ಟರ್ ಸುಡುವುದೇಕೆ, ಆರ್ಡುಯಿನೊ ರೀಸೆಟ್ ಆಗುವುದೇಕೆ?

ವಾರದಲ್ಲಿ ಎರಡು ಬಿಸಿ547 ಟ್ರಾನ್ಸಿಸ್ಟರ್ ಸುಟ್ಟುಹೋದವು, ಮೂರನೆಯದನ್ನು ಹಾಕಿದ ಮೇಲೆ ನೀರಿನ ಪಂಪ್ ನಿಂತಾಗಲೆಲ್ಲ ಆರ್ಡುಯಿನೊ ರೀಸೆಟ್ ಆಗುತ್ತಿದೆ, ಅಡಾಪ್ಟರ್ ಬದಲಿಸಿದರೂ ಸರಿಹೋಗಲಿಲ್ಲ ಎಂದು ಬರೆದಿದ್ದೀರಿ. ಆರ್ಡುಯಿನೊ (ಪುಟ್ಟ ಕಂಟ್ರೋಲರ್ ಬೋರ್ಡ್) ಟ್ರಾನ್ಸಿಸ್ಟರ್ ಮೂಲಕ ರಿಲೇಯನ್ನು, ರಿಲೇ ಪಂಪನ್ನು ನಡೆಸುತ್ತದೆ: 5 ವೋಲ್ಟ್ ರಿಲೇ, ಟ್ರಾನ್ಸಿಸ್ಟರ್‌ನ ನಿಯಂತ್ರಣದ ಕಾಲಾದ ಬೇಸ್‌ಗೆ 1 ಕಿಲೋ ಓಮ್ ರೆಸಿಸ್ಟರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇಲ್ಲ. ಇದರಲ್ಲಿ ಅಡಾಪ್ಟರ್‌ನ ತಪ್ಪೇನೂ ನನಗೆ ಕಾಣುವುದಿಲ್ಲ. ನಿಮ್ಮ ಸರ್ಕ್ಯೂಟ್‌ನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ: ಒಂದು ರಿಲೇಯ ಕಾಯಿಲ್‌ನದು (ಅಯಸ್ಕಾಂತವಾಗುವ ತಂತಿಯ ಸುರುಳಿ), ಇನ್ನೊಂದು ಕಾಂಟ್ಯಾಕ್ಟ್‌ಗಳದು (ಆ ಸುರುಳಿ ಎಳೆದು ಕೂಡಿಸುವ, ಪಂಪಿನ ಸ್ವಿಚ್). ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಕಾಯಿಲ್. ಈ ನೀಲಿ ರಿಲೇಗಳ ಕಾಯಿಲ್ ಸುಮಾರು 70 ಓಮ್ ಇರುತ್ತದೆ, ಅಂದರೆ 5 ವೋಲ್ಟ್‌ಗೆ ಹೆಚ್ಚುಕಡಿಮೆ 70 ಮಿಲಿಆಂಪಿಯರ್. ಟ್ರಾನ್ಸಿಸ್ಟರ್ ಆಫ್ ಆದರೂ ಕಾಯಿಲ್ ತನ್ನಲ್ಲಿ ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ನಿಲ್ಲಲು ಬಿಡುವುದಿಲ್ಲ. ಈ ಗುಣದ ಅಳತೆಯಾದ ಇಂಡಕ್ಟನ್ಸ್ 0.1 ಹೆನ್ರಿ ಎಂದಿಟ್ಟುಕೊಳ್ಳಿ. ಆ 70 ಮಿಲಿಆಂಪಿಯರ್ 10 ಮೈಕ್ರೋಸೆಕೆಂಡಿನಲ್ಲಿ ಸೊನ್ನೆಗೆ ಇಳಿಯಬೇಕಾದರೆ ಹುಟ್ಟುವ ವೋಲ್ಟೇಜ್ 700. ಬಿಸಿ547 ತಡೆಯುವುದು 45 ವೋಲ್ಟ್. ವೋಲ್ಟೇಜ್ ಅಷ್ಟು ಮೇಲೇರುವ ಮೊದಲೇ ಟ್ರಾನ್ಸಿಸ್ಟರ್ ಸೋತು, ಕಾಯಿಲ್‌ನಲ್ಲಿದ್ದ ಶಕ್ತಿಯನ್ನೆಲ್ಲ ತನ್ನೊಳಗೆ ನುಂಗಿಕೊಳ್ಳುತ್ತದೆ. ಕೆಲವು ಸಲ ಹೇಗೋ ತಾಳಿಕೊಳ್ಳುತ್ತದೆ. ಅದಕ್ಕೇ ನಿಮ್ಮದು ಎರಡು ಮೂರು ದಿನ ಚೆನ್ನಾಗಿ ನಡೆದು ಆಮೇಲೆ ಸತ್ತದ್ದು.

ಇದಕ್ಕೆ ಒಂದು 1ಎನ್4007 ಡಯೋಡ್ ಸಾಕು. ಕಾಯಿಲ್‌ನ ಎರಡು ಕಾಲುಗಳಿಗೆ ನೇರವಾಗಿ ಬೆಸೆಯಿರಿ. ಬಿಳಿ ಗೆರೆಯಿರುವ ತುದಿ ಪ್ಲಸ್ ಕಡೆಗೆ. ಬೆಸೆಯುವ ಮುನ್ನ ಗೆರೆಯನ್ನು ಎರಡು ಸಲ ನೋಡಿ. ತಿರುಗಾಮುರುಗಾ ಹಾಕಿದರೆ ರಿಲೇ ಆನ್ ಮಾಡಿದ ಕ್ಷಣವೇ ಪೂರ್ತಿ ಸಪ್ಲೈ ಡಯೋಡ್ ಮೂಲಕ ಟ್ರಾನ್ಸಿಸ್ಟರ್ ಮೇಲೆ ಬೀಳುತ್ತದೆ. ನನ್ನ ಮೊದಲ ಬೋರ್ಡಿನಲ್ಲಿ ಹೀಗೇ ಆಗಿ, ಟ್ರಾನ್ಸಿಸ್ಟರ್‌ನ ಕಪ್ಪು ಮೈ ಸೀಳಿಕೊಂಡಿತ್ತು. ಆಮೇಲೆ ಗೆಳೆಯನ ಆಸಿಲೋಸ್ಕೋಪಿನಲ್ಲಿ (ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಉಪಕರಣ) ಕಲೆಕ್ಟರ್, ಅಂದರೆ ಕಾಯಿಲ್‌ಗೆ ಸೇರಿದ ಟ್ರಾನ್ಸಿಸ್ಟರ್ ಕಾಲನ್ನು, ನೋಡಿದೆವು. ಡಯೋಡ್ ಇಲ್ಲದಾಗ ಪರದೆಯ ಮೇಲಂಚನ್ನು ದಾಟಿ ಹೋಗುವ ಸೂಜಿಯಂಥ ಗೆರೆ. ಡಯೋಡ್ ಹಾಕಿದೊಡನೆ ಅದೇ ಜಾಗದಲ್ಲಿ 5.7 ವೋಲ್ಟ್‌ನ ಪುಟ್ಟ ಮೆಟ್ಟಿಲು. ಒಂದು ರೂಪಾಯಿ, ಎರಡು ರೂಪಾಯಿಯ ವಸ್ತು ಇಷ್ಟು ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಮೇಲೆ ಡಯೋಡ್ ಇಲ್ಲದೆ ಒಂದು ರಿಲೇಯನ್ನೂ ನಾನು ಕಟ್ಟಿಲ್ಲ.

ಡಯೋಡ್ ಹಾಕಿದರೆ ಕಾಯಿಲ್‌ನ ಕರೆಂಟ್ ನಿಧಾನವಾಗಿ ಕರಗುತ್ತದೆ, ರಿಲೇ ಬಿಡುವುದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಟ್ಯಾಂಕ್ ತುಂಬಿಸುವ ಕೆಲಸಕ್ಕೆ ಆ ತಡ ಏನೂ ಅಲ್ಲ, ಆದರೆ ಕಾಂಟ್ಯಾಕ್ಟ್ ನಿಧಾನವಾಗಿ ಬೇರ್ಪಟ್ಟಷ್ಟೂ ಕಿಡಿ ಹೆಚ್ಚು. ಬೇಗ ಬಿಡಿಸಬೇಕೆಂದರೆ ಡಯೋಡ್‌ಗೆ ಸರಣಿಯಲ್ಲಿ, ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, 24 ವೋಲ್ಟ್‌ನ ಝೀನರ್ (ಆ ವೋಲ್ಟೇಜ್ ದಾಟಿದರೆ ಹಿಮ್ಮುಖವಾಗಿಯೂ ಕರೆಂಟ್ ಬಿಡುವ ಡಯೋಡ್) ಒಂದನ್ನು ಸೇರಿಸಿ. ಆಗ ಕಲೆಕ್ಟರ್ 30 ವೋಲ್ಟ್ ಆಸುಪಾಸಿಗೆ ಏರಿ ನಿಲ್ಲುತ್ತದೆ. 45ರ ಮಿತಿಯೊಳಗೇ ಇರುತ್ತದೆ.

ಇನ್ನು ರೀಸೆಟ್. ಡಯೋಡ್ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೇನ್ಸ್ ಆಫ್ ಮಾಡಿ ಪಂಪಿನ ತಂತಿಗಳನ್ನು ರಿಲೇಯಿಂದ ಬಿಚ್ಚಿಡಿ, ರಿಲೇಯನ್ನು ಬರಿದೇ ಇಪ್ಪತ್ತು ಸಲ ಟಿಕ್ ಟಿಕ್ ಎನ್ನಿಸಿ. ಒಮ್ಮೆಯೂ ರೀಸೆಟ್ ಆಗದಿದ್ದರೆ ಉಳಿದ ದೋಷ ಕಾಂಟ್ಯಾಕ್ಟ್ ಕಡೆಯದು. ನನ್ನ ಊಹೆಯೂ ಅದೇ. ಪಂಪಿನ ಮೋಟರ್ ಕೂಡ ಒಂದು ದೊಡ್ಡ ಕಾಯಿಲ್. ಕಾಂಟ್ಯಾಕ್ಟ್ ತೆರೆದಾಗ ಅಲ್ಲಿ ಹೊಳೆಯುವ ಕಿಡಿ ಪುಟ್ಟ ರೇಡಿಯೊ ಕೇಂದ್ರವಿದ್ದಂತೆ; ಟ್ಯಾಂಕಿನಿಂದ ಬರುವ ನಿಮ್ಮ ಉದ್ದನೆಯ ಸೆನ್ಸರ್ ತಂತಿ ಅದಕ್ಕೆ ಆಂಟೆನಾ.

ಪಂಪಿಗೆ ಅಡ್ಡಲಾಗಿ ಡಯೋಡ್ ಹಾಕಲೇಬೇಡಿ. ಎಸಿಯಲ್ಲಿ ಅದು ಪ್ರತಿ ಸುತ್ತಿನ ಅರ್ಧಕ್ಕೆ ನೇರ ಶಾರ್ಟ್. ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್, ಅದರ ಸರಣಿಯಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುವ ಸ್ನಬ್ಬರ್ (ಕಿಡಿ ತಗ್ಗಿಸುವ ಜೋಡಿ) ಬೇಕು. ಕೆಪಾಸಿಟರ್ ಮೇಲೆ ಎಕ್ಸ್2 (ಮೇನ್ಸ್‌ಗೆ ನೇರ ಹಾಕಬಹುದಾದ ಬಗೆ) ಮತ್ತು 275 ವೋಲ್ಟ್ ಎಸಿ ಎಂದು ಅಚ್ಚಾಗಿರಲೇಬೇಕು. ಒಂದು ಎಚ್ಚರಿಕೆ: ರಿಲೇ ಆಫ್ ಇದ್ದಾಗಲೂ ಈ ಸ್ನಬ್ಬರ್ ಮೂಲಕ ಸುಮಾರು 7 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಪಂಪ್ ನಿಂತಿದೆ ಎಂದು ತಂತಿ ಮುಟ್ಟಬೇಡಿ. ಮೇನ್ಸ್ ಆಫ್ ಮಾಡಿಯೇ ಕೈ ಹಾಕಿ.

ನಿಮ್ಮದು 1 ಎಚ್‌ಪಿ ಪಂಪ್ ಎಂದಿದ್ದೀರಿ. ಹಾಗಿದ್ದರೆ ರಿಲೇಯ ಮೇಲಿರುವ 10 ಆಂಪಿಯರ್ ಎಂಬ ಬರಹವನ್ನು ನಂಬಬೇಡಿ. ಇಂಡಕ್ಷನ್ ಮೋಟರ್ ಶುರುವಾಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಕಾಂಟ್ಯಾಕ್ಟ್‌ಗಳು ಒಂದು ದಿನ ಬೆಸೆದುಕೊಂಡರೆ ನೀರು ಚಾವಣಿಯಿಂದ ಇಳಿಯುವವರೆಗೂ ನಿಮಗೆ ಗೊತ್ತಾಗುವುದಿಲ್ಲ. ಪಂಪನ್ನು ಕಾಂಟ್ಯಾಕ್ಟರ್ (ಮೋಟರಿನಂಥ ಭಾರದ ಕೆಲಸಕ್ಕಿರುವ ದೊಡ್ಡ ರಿಲೇ) ನಡೆಸಲಿ, ಕಾಂಟ್ಯಾಕ್ಟರ್‌ನ ಕಾಯಿಲನ್ನು ನಿಮ್ಮ ರಿಲೇ ನಡೆಸಲಿ, ಆಗ ಸ್ನಬ್ಬರ್ ರಿಲೇಯ ಕಾಂಟ್ಯಾಕ್ಟ್ ಬದಲು ಆ ಕಾಯಿಲ್‌ಗೆ ಅಡ್ಡಲಾಗಿರಲಿ. ಆ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸೆನ್ಸರ್ ತಂತಿಗಳನ್ನು ಹೊಸೆದು, ಪಂಪಿನ ತಂತಿಯಿಂದ ದೂರದಲ್ಲಿ ಎಳೆಯಿರಿ.

ಮುಂದೆ 12 ವೋಲ್ಟ್ ಡಿಸಿ ಮೋಟರಿನ ವೇಗವನ್ನು ಪಿಡಬ್ಲ್ಯೂಎಂನಿಂದ (ಸಪ್ಲೈಯನ್ನು ವೇಗವಾಗಿ ಆನ್-ಆಫ್ ಮಾಡುತ್ತ) ನಿಯಂತ್ರಿಸುವ ಯೋಚನೆಯಿದೆ ಎಂದಿದ್ದೀರಿ. ಅದಕ್ಕೆ 1ಎನ್4007 ನಿಧಾನದ ಡಯೋಡ್. ಶಾಟ್‌ಕಿ ಎಂಬ ವೇಗದ ಡಯೋಡ್ ಬಳಸಿ, 3 ಆಂಪಿಯರ್‌ವರೆಗೆ 1ಎನ್5822 ಸಾಕು. ಅದನ್ನು ಮಾಸ್‌ಫೆಟ್ (ಮೋಟರನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಪಕ್ಕದಲ್ಲೇ ಇಡಿ, ಸಪ್ಲೈಯ ಕೆಪಾಸಿಟರ್ ಕೂಡ ಅಲ್ಲೇ ಇರಲಿ. ಬ್ರಷ್‌ಗಳ ಕಿಡಿಗೆ ಮೋಟರಿನ ಎರಡು ತುದಿಗಳ ನಡುವೆ 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ. ಮೋಟರ್ ನಡೆಸುವ ಎಲ್298ಎನ್ ಚಿಪ್ ಬಳಸುವುದಾದರೆ ಅದರೊಳಗೆ ಡಯೋಡ್‌ಗಳಿಲ್ಲ, ಹೊರಗೆ ನಾವೇ ಹಾಕಬೇಕು. ಅದೇ ಬಗೆಯ ಎಲ್293ಡಿ ಚಿಪ್ ಒಳಗೆ ಇವೆ.

ಸದ್ಯಕ್ಕೆ ಡಯೋಡ್ ಹಾಕಿ, ಪಂಪ್ ಬಿಚ್ಚಿಟ್ಟು ಆ ಇಪ್ಪತ್ತು ಟಿಕ್‌ಗಳ ಪರೀಕ್ಷೆ ಮಾಡಿ ನೋಡಿ. ಆಗಲೂ ರೀಸೆಟ್ ಆದರೆ ರಿಲೇಗೂ ಆರ್ಡುಯಿನೊಗೂ ಗ್ರೌಂಡ್ ತಂತಿ ಎಲ್ಲೆಲ್ಲಿ ಹಾದುಹೋಗಿದೆ ಎಂಬುದರ ಫೋಟೊ ಹಾಕಿ, ನೋಡುತ್ತೇನೆ.